ಆರ್‌ಎಕ್ಸ್-7ಕ್ಕೆ ಹೊರಗಿನ ಆಲ್ಟರ್ನೇಟರ್ ಬ್ರಾಕೆಟ್: ಹಾಕಿದ ಮೇಲೆ ಬರುವ ದೋಷಗಳ ಪತ್ತೆ

ಕಂಪನಿಯದಲ್ಲದ, ಬೇರೆಯವರು ಮಾಡಿದ ಹೊಸ ಬ್ರಾಕೆಟ್ ಹಾಕಿದ ವಾರದೊಳಗೆ ಬೆಲ್ಟ್ ಕಿರುಚಲು ಶುರುವಾಗುತ್ತದೆ. ಇಲ್ಲವೇ ರಾತ್ರಿ ಹೆಡ್‌ಲೈಟ್ ಹಾಕಿದೊಡನೆ ವೋಲ್ಟ್ ಮೀಟರಿನ ಮುಳ್ಳು 12ರತ್ತ ಇಳಿಯುತ್ತದೆ. ಆಗ ಹೆಚ್ಚಿನವರು ಮೊದಲು ಬಿಚ್ಚುವುದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು. ಅದನ್ನು ರಿಪೇರಿ ಅಂಗಡಿಗೆ ಒಯ್ದರೆ ಬೆಂಚಿನ ಮೇಲೆ ಚೆನ್ನಾಗಿಯೇ ಓಡುತ್ತದೆ, ವಾಪಸ್ ತಂದು ಕೂಡಿಸಿದರೆ ಮತ್ತೆ ಅದೇ ರಾಗ. ಬದಲಾಗಿದ್ದು ಬ್ರಾಕೆಟ್, ಹಾಗಾಗಿ ಹುಡುಕಾಟವೂ ಅಲ್ಲಿಂದಲೇ ಶುರುವಾಗಬೇಕು. ಆಲ್ಟರ್ನೇಟರನ್ನು ಹೊತ್ತು ನಿಲ್ಲುವುದಷ್ಟೇ ಬ್ರಾಕೆಟ್ಟಿನ ಕೆಲಸವಲ್ಲ. ಪುಲ್ಲಿಯನ್ನು ಬೆಲ್ಟಿನ ಸಾಲಿನಲ್ಲಿ ಇಡಬೇಕು, ಬೆಲ್ಟ್ ಎಳೆದಾಗ ಬಾಗಬಾರದು, ಆಲ್ಟರ್ನೇಟರಿನ ಮೈಯಿಂದ ಎಂಜಿನ್ನಿಗೆ ಅರ್ತ್ ದಾಟಿಸಬೇಕು. ಮುಂದೆ ಹೇಳುವ ದೋಷಗಳಲ್ಲಿ ಬಹುಪಾಲು ಈ ಮೂರರಲ್ಲಿ ಒಂದು ಕೈಕೊಟ್ಟಿದ್ದರಿಂದ ಬಂದವು.

ಇಲ್ಲಿ ಹೇಳುತ್ತಿರುವುದು 1978ರಿಂದ 1985ರವರೆಗಿನ ಮೊದಲ ತಲೆಮಾರಿನ ಮಜ್ದಾ ಆರ್‌ಎಕ್ಸ್-7, ಅದರಲ್ಲೂ ಪಿಸ್ಟನ್ ಬದಲು ರೋಟರ್ ತಿರುಗುವ, 573 ಸಿಸಿಯ ಎರಡು ಕೋಣೆಗಳ 12ಎ ಎಂಜಿನ್ನಿನ ಕಾರಿನ ಬಗ್ಗೆ. ಜನ ಇದಕ್ಕೆ ಹೊರಗಿನ ಬ್ರಾಕೆಟ್ ಹಾಕುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಎರಡನೇ ತಲೆಮಾರಿನ ಎಫ್‌ಸಿ ಕಾರಿನ ಹೆಚ್ಚು ಆಂಪಿಯರ್ ಕೊಡುವ ಆಲ್ಟರ್ನೇಟರ್ ಕೂಡಿಸಲು, ಇಲ್ಲವೇ ಹೊಗೆ ಶುದ್ಧಿಗೆಂದು ಇರುವ ಏರ್ ಪಂಪ್ ಕಿತ್ತ ಮೇಲೆ ಮುಂಭಾಗವನ್ನು ಚೊಕ್ಕ ಮಾಡಲು. ಭಾರತದಲ್ಲಿ ಮಜ್ದಾ ಈ ಕಾರನ್ನು ಮಾರಲೇ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕಗಳಲ್ಲಿರುವ ಕನ್ನಡಿಗರ ಗ್ಯಾರೇಜಿನಲ್ಲಿ ಇದ್ದರೆ ಉಂಟು.

ಒಂದು ಮಾತು ಮೊದಲೇ. ಈ ಎಂಜಿನ್ನಿನಲ್ಲಿ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಜಾರಿದರೆ ಚಾರ್ಜಿಂಗ್ ಹೋಗುವುದು ಸಣ್ಣ ನಷ್ಟ. ನೀರು ಓಡುವುದು ನಿಂತರೆ ಎರಕದ ಕಬ್ಬಿಣದ ಪಕ್ಕದ ಹೌಸಿಂಗ್‌ಗಳ ನಡುವೆ ಸಿಕ್ಕಿಕೊಂಡಿರುವ ಅಲ್ಯುಮಿನಿಯಂ ರೋಟರ್ ಹೌಸಿಂಗ್ ಸೊಟ್ಟಗಾಗುತ್ತದೆ, ನೀರಿನ ಸೀಲುಗಳು ಬೇಯುತ್ತವೆ, ಎಂಜಿನ್ ಪೂರ್ತಿ ಬಿಚ್ಚುವ ಕೆಲಸ ಬರುತ್ತದೆ. ಹಾಗಾಗಿ ಬೆಲ್ಟಿನ ಸದ್ದನ್ನು "ಆಮೇಲೆ ನೋಡೋಣ" ಪಟ್ಟಿಗೆ ಸೇರಿಸಬೇಡಿ.

ಬೇಕಾದ ಸಾಮಾನು: ಮಲ್ಟಿಮೀಟರ್, ಅರ್ಧ ಮೀಟರಿನ ನೆಟ್ಟಗಿನ ಸ್ಟೀಲ್ ಪಟ್ಟಿ, ಫೀಲರ್ ಗೇಜ್, ವರ್ನಿಯರ್, ಟಾರ್ಕ್ ಪಾನಾ, ಒಂದು ಜಂಪರ್ ಕೇಬಲ್, ನೀರು ತುಂಬಿದ ಸ್ಪ್ರೇ ಬಾಟಲಿ, ಸೀಮೆಸುಣ್ಣ, ಸ್ವಲ್ಪ ಸೀಮೆಎಣ್ಣೆ. ಪಾನಾ ಹಾಕುವ ಮೊದಲು ಬ್ಯಾಟರಿಯ ಮೈನಸ್ ಕಳಚಿ. ಇಗ್ನಿಷನ್ ಆರಿಸಿದ್ದರೂ ಆಲ್ಟರ್ನೇಟರಿನ ಬಿ ಟರ್ಮಿನಲ್‌ನಲ್ಲಿ (ಬ್ಯಾಟರಿಯ ಪ್ಲಸ್‌ಗೆ ಹೋಗುವ ತಂತಿ ಕೂರುವ ಜಾಗ) ಬ್ಯಾಟರಿಯ ಪೂರ್ತಿ ಕರೆಂಟ್ ಇರುತ್ತದೆ. ಪಾನಾ ಅದಕ್ಕೂ ಬ್ರಾಕೆಟ್ಟಿಗೂ ಒಟ್ಟಿಗೆ ತಾಗಿದರೆ ಬೆಸುಗೆಯೇ ಆದೀತು.

ಬೆಲ್ಟ್ ಕಿರುಚುತ್ತದೆ

ಯಾವಾಗ ಕಿರುಚುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಕೆಲ ಸೆಕೆಂಡು ಅಥವಾ ಹೆಡ್‌ಲೈಟ್, ಫ್ಯಾನ್ ಹಾಕಿದ ಕ್ಷಣ ಉದ್ದಕ್ಕೆ ಕಿರುಚಿದರೆ ಬೆಲ್ಟ್ ಜಾರುತ್ತಿದೆ. ಎಂಜಿನ್ನಿನ ವೇಗದ ಜತೆಗೇ ಹೆಚ್ಚುತ್ತ ಹೋಗುವ ಚಿಕ್ ಚಿಕ್ ಸದ್ದಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಅನುಮಾನವಿದ್ದರೆ ಎಂಜಿನ್ ಐಡಲ್‌ನಲ್ಲಿರುವಾಗ ಬೆಲ್ಟಿನ ಒಳಮೈಗೆ ದೂರದಿಂದ ನೀರು ಸಿಂಪಡಿಸಿ, ಸಡಿಲ ತೋಳು ಮಡಚಿಕೊಂಡು. ಸದ್ದು ಜೋರಾದರೆ ಬಿಗಿ ಸಾಲದು. ಸದ್ದು ಅಡಗಿ, ನೀರು ಆರಿದ ಮೇಲೆ ಮತ್ತೆ ಬಂದರೆ ಸಾಲು ತಪ್ಪಿದೆ.

ಜಾರುವ ಬೆಲ್ಟನ್ನು ಸುಮ್ಮನೆ ಬಿಗಿ ಮಾಡುತ್ತ ಹೋಗುವ ಮುನ್ನ ಅದು ಗ್ರೂವಿನಲ್ಲಿ ಹೇಗೆ ಕೂತಿದೆ ನೋಡಿ. ವಿ ಬೆಲ್ಟ್ ಹಿಡಿಯುವುದು ಪಕ್ಕದ ಗೋಡೆಗಳಿಂದ, ತಳದಿಂದ ಅಲ್ಲ. ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿಗೆ ಸಮನಾಗಿ ಅಥವಾ ಕೂದಲೆಳೆ ಮೇಲೆ ಇರಬೇಕು. ಗ್ರೂವಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ತಳ ಮುಟ್ಟುತ್ತಿದೆ ಎಂದರ್ಥ. ಎಷ್ಟು ಬಿಗಿದರೂ ಅದು ಜಾರುತ್ತದೆ. ಕಡಿಮೆ ಅಗಲದ ಬೆಲ್ಟ್ ತಂದಿದ್ದರೆ, ಅಥವಾ ಸವೆದ ಹಳೆಯ ಪುಲ್ಲಿಯನ್ನೇ ಉಳಿಸಿಕೊಂಡಿದ್ದರೆ ಹೀಗಾಗುತ್ತದೆ. 1989ರ ನಂತರದ ಎಫ್‌ಸಿ ಆಲ್ಟರ್ನೇಟರ್ ಹಾಕಿದ್ದರೆ ಅದರ ಪುಲ್ಲಿ ಹಲವು ಗೆರೆಗಳ ಚಪ್ಪಟೆ ಬೆಲ್ಟಿನದು. ಅದರ ಮೇಲೆ ವಿ ಬೆಲ್ಟ್ ಓಡಿಸಿದವರೂ ಇದ್ದಾರೆ. ಪುಲ್ಲಿ ಬದಲಿಸಿ, ಬೇರೆ ದಾರಿಯಿಲ್ಲ.

ಬಿಗಿಯ ಅಳತೆಗೆ ಎರಡು ಪುಲ್ಲಿಗಳ ನಡುವಿನ ಉದ್ದ ಓಟದ ಮಧ್ಯದಲ್ಲಿ ಹೆಬ್ಬೆರಳಿನಿಂದ ಸುಮಾರು 10 ಕೆ.ಜಿ. ಒತ್ತಡ ಕೊಡಿ. 12 ಮಿ.ಮೀ. ಆಸುಪಾಸು ಬಗ್ಗಿದರೆ ಸರಿ. ನಿಮ್ಮ ವರ್ಷದ ವರ್ಕ್‌ಷಾಪ್ ಕೈಪಿಡಿಯ ಅಂಕಿ ಇದ್ದರೆ ಅದೇ ಪ್ರಮಾಣ. ಸರಿ ಬಿಗಿ ಬರುವಷ್ಟರಲ್ಲಿ ಹೊಂದಿಸುವ ಬೋಲ್ಟ್ ಸೀಳುಗಂಡಿಯ ಕೊನೆಗೆ ಬಂದು ನಿಂತಿದ್ದರೆ ಬೆಲ್ಟ್ ಉದ್ದವಾಯಿತು, ಗಿಡ್ಡದ್ದು ತನ್ನಿ. ಸೀಳುಗಂಡಿಯನ್ನು ಅರದಿಂದ ಉದ್ದ ಮಾಡುವ ಆಸೆಗೆ ಬೀಳಬೇಡಿ. ಅದರ ತುದಿಯಲ್ಲಿ ಉಳಿಯುವ ತೆಳು ಲೋಹವೇ ಮುಂದೆ ಬಿರಿಯುವ ಜಾಗ.

ಸಾಲು ನೋಡುವುದು

ಬಹಳ ಮಂದಿ ಎಡವುವುದು ಇಲ್ಲಿ, ಅದೂ ಸ್ಟೀಲ್ ಪಟ್ಟಿ ಹಿಡಿದುಕೊಂಡೇ. ಪಟ್ಟಿಯನ್ನು ಎರಡು ಪುಲ್ಲಿಗಳ ಮುಖಕ್ಕೆ ಒತ್ತಿ, ಬೆಳಕು ಕಾಣದಿದ್ದರೆ ಸರಿ ಎನ್ನುತ್ತಾರೆ. ಆದರೆ ಪುಲ್ಲಿಗಳ ಅಂಚು ಒಂದೇ ದಪ್ಪವಿರುವುದಿಲ್ಲ. ವಾಟರ್ ಪಂಪ್ ಪುಲ್ಲಿಯಲ್ಲಿ ಅಂಚಿನಿಂದ ಗ್ರೂವಿನ ನಡುವಿಗೆ 8 ಮಿ.ಮೀ., ಆಲ್ಟರ್ನೇಟರಿನಲ್ಲಿ 9.5 ಮಿ.ಮೀ. ಇದ್ದರೆ, ಮುಖಗಳು ಸಮನಾದಾಗ ಗ್ರೂವುಗಳು 1.5 ಮಿ.ಮೀ. ತಪ್ಪಿರುತ್ತವೆ. ಮೊದಲು ವರ್ನಿಯರಿನಿಂದ ಎಂಜಿನ್, ವಾಟರ್ ಪಂಪ್, ಆಲ್ಟರ್ನೇಟರ್ ಮೂರೂ ಪುಲ್ಲಿಗಳ ಅಂಚಿನಿಂದ ಗ್ರೂವಿನ ನಡುವಿನವರೆಗೆ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಪಟ್ಟಿ ಹಿಡಿದಾಗ ಆ ವ್ಯತ್ಯಾಸದಷ್ಟೇ ಸಂದು ಕಾಣಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ತಪ್ಪು ಎರಡು ಬಗೆ. ಪುಲ್ಲಿ ಪೂರ್ತಿಯಾಗಿ ಮುಂದೆ ಅಥವಾ ಹಿಂದೆ ಸರಿದಿರುವುದು ಒಂದು, ಓರೆಯಾಗಿರುವುದು ಇನ್ನೊಂದು. ವಿ ಬೆಲ್ಟ್ ಅರ್ಧ ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ, ಅಂದರೆ 300 ಮಿ.ಮೀ. ಉದ್ದಕ್ಕೆ ಸುಮಾರು 2.6 ಮಿ.ಮೀ. ನಿಮಿಷಕ್ಕೆ 7,000 ಸುತ್ತು ಮುಟ್ಟುವ ಎಂಜಿನ್ನಿನಲ್ಲಿ ಆ ಮಿತಿಯವರೆಗೆ ಹೋಗುವುದು ಬೇಡ, 1 ಮಿ.ಮೀ. ಒಳಗೆ ತನ್ನಿ. ಓರೆ ನೋಡಲು ಪಟ್ಟಿಯನ್ನು ಆಲ್ಟರ್ನೇಟರ್ ಪುಲ್ಲಿಯ ಮುಖಕ್ಕೆ ಹಿಡಿದು ಅದರ ಎರಡೂ ಅಂಚುಗಳಲ್ಲಿ ಫೀಲರ್ ಹಾಕಿ. 65 ಮಿ.ಮೀ. ಪುಲ್ಲಿಯಲ್ಲಿ ಎರಡು ಅಂಚಿನ ನಡುವೆ 0.5 ಮಿ.ಮೀ. ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅರ್ಧ ಡಿಗ್ರಿಯ ಮಿತಿ ಮುಗಿದಂತೆ.

ಈಗ ಮುಖ್ಯ ಪರೀಕ್ಷೆ. ಈ ಅಳತೆಗಳನ್ನು ಬೆಲ್ಟ್ ಸಡಿಲವಿದ್ದಾಗ ಒಮ್ಮೆ, ಪೂರ್ತಿ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ತೆಗೆದುಕೊಳ್ಳಿ. ಎರಡೂ ಸಲ ಒಂದೇ ಬಂದರೆ ಬ್ರಾಕೆಟ್ ಗಟ್ಟಿ, ಬೇಕಿರುವುದು ಷಿಮ್ (ಸಂದು ತುಂಬುವ ತೆಳು ಬಿಲ್ಲೆ) ಮಾತ್ರ. ಬಿಗಿ ಮಾಡಿದಾಗ ಅರ್ಧ ಮಿ.ಮೀ. ಗಿಂತ ಹೆಚ್ಚು ಬದಲಾದರೆ ಬ್ರಾಕೆಟ್ಟೇ ತಿರುಚಿಕೊಳ್ಳುತ್ತಿದೆ, ಎಷ್ಟು ಷಿಮ್ ಹಾಕಿದರೂ ವ್ಯರ್ಥ. ತೆಳು ತಗಡಿನ ಬ್ರಾಕೆಟ್‌ಗಳಲ್ಲಿ, ಒಂದೇ ಕಡೆಯಿಂದ ಪಿವಟ್ ಬೋಲ್ಟ್ (ಬೆಲ್ಟ್ ಬಿಗಿ ಮಾಡುವಾಗ ಆಲ್ಟರ್ನೇಟರ್ ಓಲುವ ಬೋಲ್ಟ್) ಹಿಡಿದಿರುವ ವಿನ್ಯಾಸಗಳಲ್ಲಿ ಇದು ಮಾಮೂಲು. ಪಿವಟ್ ಬೋಲ್ಟಿನ ಎರಡೂ ಬದಿಗೆ ಆಸರೆ ಇರುವ, 10 ಮಿ.ಮೀ. ಅಲ್ಯುಮಿನಿಯಂ ಅಥವಾ 6 ಮಿ.ಮೀ. ಉಕ್ಕಿನ ಬ್ರಾಕೆಟ್ ಹುಡುಕಿ. ಇಲ್ಲವೇ ಆಲ್ಟರ್ನೇಟರಿನ ಹಿಂದಿನ ಕಿವಿಯಿಂದ (ಬೋಲ್ಟ್ ತೂರುವ ಚಾಚಿನಿಂದ) ಎಂಜಿನ್ನಿಗೆ ಒಂದು ಅಡ್ಡಪಟ್ಟಿ ಕೊಟ್ಟು ತ್ರಿಕೋನ ಮಾಡಿ.

ಷಿಮ್ ಹಾಕುವಾಗ ಒಂದು ಎಚ್ಚರ. ಆಲ್ಟರ್ನೇಟರ್ ಮುಂದೆ ಬಂದಿದ್ದರೆ ಪಿವಟ್ಟಿನಲ್ಲಿ ಕಿವಿಯ ಹಿಂದಿನ ವಾಷರನ್ನು ಮುಂದಕ್ಕೆ ಹಾಕಿ, ಅದು ಹಿಂದೆ ಸರಿಯುತ್ತದೆ. ಬ್ರಾಕೆಟ್ ಎಂಜಿನ್ನಿಗೆ ಕೂರುವ ಜಾಗದಲ್ಲಿ ಷಿಮ್ ಕೊಡುವುದಾದರೆ ಎಲ್ಲ ಬೋಲ್ಟಿಗೂ ಒಂದೇ ದಪ್ಪ ಕೊಡಿ. ಒಂದೇ ಬೋಲ್ಟಿಗೆ ಎರಡು ವಾಷರ್ ತುರುಕಿದರೆ ಮುಂದೆ ಬಂದದ್ದು ಹಿಂದೆ ಹೋಗುವ ಬದಲು ಪುಲ್ಲಿ ಓರೆಯಾಗುತ್ತದೆ.

ಸಾಲು ಸರಿಯಿದ್ದೂ ಬೆಲ್ಟ್ ತೂರಾಡುತ್ತಿದ್ದರೆ ಎಂಜಿನ್ನಿನ ಮುಂದಿನ ಪುಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ತಿರುಗುವಾಗ ಓಲಾಡುತ್ತದೆಯೇ ನೋಡಿ. ಪುಲ್ಲಿಯನ್ನು ಹಬ್ಬಿಗೆ ಹಿಡಿದಿರುವ ಚಿಕ್ಕ ಬೋಲ್ಟ್‌ಗಳು ಸಡಿಲವಾಗಿರುವುದು ಸಾಮಾನ್ಯ ಕಾರಣ. ಅವನ್ನು ಬಿಗಿ ಮಾಡಿ, ಆದರೆ ನಡುವಿನ ದೊಡ್ಡ ಬೋಲ್ಟನ್ನು ಮುಟ್ಟಬೇಡಿ. ಅದು ಸಡಿಲವಾದಾಗ ಎಕ್ಸೆಂಟ್ರಿಕ್ ಶಾಫ್ಟ್ (ಈ ಎಂಜಿನ್ನಿನ ಮುಖ್ಯ ಶಾಫ್ಟ್) ಸರಿದರೆ ಒಳಗಿನ ಥ್ರಸ್ಟ್ ಬೇರಿಂಗ್ ಜಾಗ ತಪ್ಪುತ್ತದೆ. ಗೊತ್ತಿಲ್ಲದೆ ಮತ್ತೆ ಬಿಗಿದರೆ ಅದು ನಜ್ಜುಗುಜ್ಜು. ಶಾಫ್ಟಿನ ಹಿಂದುಮುಂದಿನ ಆಟ 0.04ರಿಂದ 0.07 ಮಿ.ಮೀ. ಇರಬೇಕು, 0.09 ದಾಟಿದರೆ ಅದು ಬ್ರಾಕೆಟ್ಟಿನ ಕಥೆಯೇ ಅಲ್ಲ.

ಚಾರ್ಜಿಂಗ್ ಸಾಲದು

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಎಂಜಿನ್ ನಿಂತಾಗ 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟ್ ಮಾಡಿ 2,000 ಸುತ್ತಿಗೆ ಏರಿಸಿ, ಹೆಡ್‌ಲೈಟ್, ಬ್ಲೋವರ್, ಹಿಂಗಾಜಿನ ಹೀಟರ್ ಎಲ್ಲ ಹಾಕಿ. ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.5 ಇದ್ದರೆ ನಿಶ್ಚಿಂತೆ. 13.3ಕ್ಕಿಂತ ಕೆಳಗಿದ್ದರೆ ಮೀಟರನ್ನು ಹೀಗೆ ಹಿಡಿಯಿರಿ: ಕೆಂಪು ಕಡ್ಡಿ ಆಲ್ಟರ್ನೇಟರಿನ ಬಿ ಟರ್ಮಿನಲ್ಲಿಗೆ, ಕಪ್ಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ. ಲೋಡ್ ಇರುವಾಗಲೇ ಅಳೆಯಿರಿ. 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ತಂತಿಯಲ್ಲೋ ಫ್ಯೂಸಿನಂತೆ ಕೆಲಸ ಮಾಡುವ ಫ್ಯೂಸಿಬಲ್ ಲಿಂಕಿನಲ್ಲೋ ಸೋರಿಹೋಗುತ್ತಿದೆ. ಆಮೇಲೆ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಆಲ್ಟರ್ನೇಟರಿನ ಬರಿ ಲೋಹದ ಮೈಗೆ. ಇಲ್ಲಿ 0.1 ವೋಲ್ಟ್ ಸಹಜ. 0.2 ದಾಟಿದರೆ ಅರ್ತ್ ಸರಿಯಿಲ್ಲ, ಮತ್ತು ಹೊಸ ಬ್ರಾಕೆಟ್ ಹಾಕಿದ ಕಾರಿನಲ್ಲಿ ಬೆರಳು ತೋರಿಸಬೇಕಾದ್ದು ಅದರ ಬಣ್ಣದ ಕಡೆಗೆ.

ಕಂಪನಿಯ ಬ್ರಾಕೆಟ್ ಎಂಜಿನ್ನಿಗೆ ತಾಗುವ ಜಾಗದಲ್ಲಿ ಬರಿ ಲೋಹ. ಹೊರಗಿನದು ಬರುವುದು ಅಂದವಾದ ಪೌಡರ್ ಕೋಟಿಂಗಿನಲ್ಲಿ, ಇಲ್ಲವೇ ನೀಲಿ, ಕೆಂಪು ಆನೊಡೈಸಿಂಗಿನಲ್ಲಿ. ಎರಡೂ ಕರೆಂಟನ್ನು ತಡೆಯುವ ಪದರಗಳೇ. ಆನೊಡೈಸಿಂಗ್ ಎಂದರೆ ಅಲ್ಯುಮಿನಿಯಂ ಆಕ್ಸೈಡ್, ನೋಡಲು ಲೋಹ, ನಡೆಯಲ್ಲಿ ಪಿಂಗಾಣಿ. ಆಗ ಹತ್ತಾರು ಆಂಪಿಯರ್ ಬೋಲ್ಟಿನ ಥ್ರೆಡ್‌ಗಳ ಮೂಲಕವೇ ಹೋಗಬೇಕು. ಮೊದಲ ದಿನ ಬೋಲ್ಟಿನ ತಲೆ, ಹಲ್ಲಿನ ವಾಷರ್ ಪದರವನ್ನು ಗೀರಿ ಹೇಗೋ ದಾರಿ ಮಾಡಿಕೊಂಡಿರುತ್ತದೆ. ಬಿಸಿ, ತೇವ, ಅದುರಾಟಕ್ಕೆ ಆ ಗೀರು ಕಪ್ಪಾದ ಮೇಲೆ ವೋಲ್ಟೇಜ್ ಜಾರತೊಡಗುತ್ತದೆ. "ಹಾಕಿದಾಗ ಚೆನ್ನಾಗಿತ್ತು" ಎನ್ನುವವರ ಕಾರಿನಲ್ಲಿ ಆಗಿರುವುದು ಇದೇ.

ಖಚಿತಪಡಿಸಿಕೊಳ್ಳಲು ಎರಡು ನಿಮಿಷ ಸಾಕು. ಎಂಜಿನ್ ನಿಲ್ಲಿಸಿ, ಕಪ್ಪು ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಆಲ್ಟರ್ನೇಟರಿನ ಹಿಂಬದಿಯ ಕಿವಿಗೆ ಕಚ್ಚಿಸಿ, ಬೆಲ್ಟ್ ಫ್ಯಾನುಗಳಿಂದ ದೂರ ಕಟ್ಟಿ. ಮತ್ತೆ ಅದೇ ಲೋಡಿನಲ್ಲಿ ಓಡಿಸಿ. 13.1 ಇದ್ದದ್ದು 14ಕ್ಕೆ ನೆಗೆದರೆ ಆಲ್ಟರ್ನೇಟರ್ ನಿರ್ದೋಷಿ.

ಪರಿಹಾರವಾಗಿ ಬ್ರಾಕೆಟ್ ಎಂಜಿನ್ನಿಗೆ ತಾಗುವ ಮುಖ, ಪಿವಟ್ ಕಿವಿಯ ಒಳಮುಖ, ಹೊಂದಿಸುವ ತೋಳಿನ ಎರಡೂ ತುದಿ, ಇಷ್ಟನ್ನು ಎಮರಿ ಕಾಗದದಿಂದ ಬರಿ ಲೋಹ ಕಾಣುವವರೆಗೆ ಉಜ್ಜಿ, ತುಕ್ಕು ತಡೆಯಲು ತೆಳುವಾಗಿ ಗ್ರೀಸ್ ಸವರಿ ಕೂಡಿಸಿ. ನಮ್ಮ ಅಭಿಪ್ರಾಯದಲ್ಲಿ ಅಷ್ಟಕ್ಕೇ ನಿಲ್ಲಿಸಬಾರದು. ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್‌ಗೆ 16 ಚದರ ಮಿ.ಮೀ. ತಂತಿಯೊಂದನ್ನು ನೇರ ಎಳೆದುಬಿಡಿ, ಬ್ರಾಕೆಟ್ಟಿನ ಬಣ್ಣ ಯಾವುದಾದರೂ ಇರಲಿ.

ಪ್ಲಸ್ ಕಡೆಯ ಲೆಕ್ಕವೂ ಹೀಗೆಯೇ. 70 ಆಂಪಿಯರ್ ಆಲ್ಟರ್ನೇಟರ್ ಹಾಕಿ ಹಳೆಯ ಸಪೂರ ತಂತಿಯನ್ನೇ ಉಳಿಸಿದರೆ, 5 ಚದರ ಮಿ.ಮೀ. ತಾಮ್ರದ ಒಂದೂವರೆ ಮೀಟರಿನಲ್ಲಿ ಪೂರ್ತಿ ಲೋಡಿಗೆ 0.36 ವೋಲ್ಟ್ ಕಳೆಯುತ್ತದೆ, ತಂತಿ ಬಿಸಿಯಾಗುತ್ತದೆ. 16 ಚದರ ಮಿ.ಮೀ. ಆದರೆ 0.11. ಹೊಸ ತಂತಿಗೆ ಬ್ಯಾಟರಿಯ ಬಳಿ ಅದರ ತಾಕತ್ತಿಗೆ ತಕ್ಕ ಫ್ಯೂಸ್ ಇರಲೇಬೇಕು.

ಎರಡೂ ಕಡೆಯ ಅಳತೆ ಸರಿಯಿದ್ದು ವೋಲ್ಟೇಜ್ ಮಾತ್ರ ಕಡಿಮೆಯಿದ್ದರೆ ಎರಡು ಪಿನ್ನಿನ ಪ್ಲಗ್ ನೋಡಿ. ಎಫ್‌ಸಿ ಆಲ್ಟರ್ನೇಟರಿನಲ್ಲಿ ಎಸ್ ಬ್ಯಾಟರಿಯ ವೋಲ್ಟೇಜ್ ಅರಿಯುವ ತಂತಿ, ಎಲ್ ಚಾರ್ಜ್ ದೀಪದ್ದು. ದೀಪದ ಬಲ್ಬ್ ಸುಟ್ಟಿದ್ದರೆ ಆಲ್ಟರ್ನೇಟರಿಗೆ ಎಬ್ಬಿಸುವ ಕರೆಂಟೇ ಸಿಗದೆ, ಒಮ್ಮೆ ರೇಸ್ ಕೊಡುವವರೆಗೆ ಚಾರ್ಜಿಂಗ್ ಶುರುವಾಗುವುದಿಲ್ಲ. ಬಲ್ಬ್ ಅಥವಾ ರೆಸಿಸ್ಟರ್ ಇಲ್ಲದೆ ಎಲ್ ತಂತಿಗೆ ನೇರ 12 ವೋಲ್ಟ್ ಕೊಟ್ಟರೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಸುಡಬಹುದು. 1980ರವರೆಗಿನ ಕಾರುಗಳಲ್ಲಿ ರೆಗ್ಯುಲೇಟರ್ ಹೊರಗಿರುತ್ತದೆ. ಒಳಗೇ ರೆಗ್ಯುಲೇಟರ್ ಇರುವ ಆಲ್ಟರ್ನೇಟರ್ ಹಾಕಿದಾಗ ಹಳೆಯದನ್ನು ಸರ್ಕಿಟ್ಟಿನಿಂದ ಬಿಡಿಸಲೇಬೇಕು. ವೋಲ್ಟೇಜ್ 15 ದಾಟಿದರೆ ಕಾರು ಓಡಿಸಬೇಡಿ, ಎಸ್ ತಂತಿ ಬ್ಯಾಟರಿಯವರೆಗೆ ಕಡಿಯದೆ ಹೋಗಿದೆಯೇ ಮೊದಲು ನೋಡಿ.

ಐಡಲ್‌ನಲ್ಲಿ ಮಾತ್ರ ದೀಪ ಮಿಣುಕಿದರೆ ಕಿಟ್ಟಿನ ಜತೆ ಚಿಕ್ಕ ಎಂಜಿನ್ ಪುಲ್ಲಿ ಬಂದಿತ್ತೇ ನೆನಪಿಸಿಕೊಳ್ಳಿ. ರೇಸಿಂಗ್ ಕಿಟ್‌ಗಳಲ್ಲಿ ಹಾಗೆ ಬರುತ್ತದೆ. 2.2ರ ಅನುಪಾತದಲ್ಲಿ 750 ಸುತ್ತಿನ ಐಡಲ್‌ಗೆ ಆಲ್ಟರ್ನೇಟರ್ 1,650 ಸುತ್ತು ತಿರುಗುತ್ತದೆ; ಅನುಪಾತ 1.5ಕ್ಕೆ ಇಳಿದರೆ ಬರೀ 1,125. ಊರೊಳಗಿನ ಓಡಾಟಕ್ಕೆ ಅದು ಹೊಂದದು. ವಾಟರ್ ಪಂಪ್ ಕೂಡ ಅಷ್ಟೇ ನಿಧಾನವಾಗುತ್ತದೆ ಎಂಬುದು ಮರೆಯಬಾರದ ವಿಷಯ.

ನಿಜಕ್ಕೂ ಆಲ್ಟರ್ನೇಟರೇ ಕೆಟ್ಟಿದ್ದರೆ? ಮೀಟರನ್ನು ಎಸಿಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ. ಈಗ ಬಿಚ್ಚಿ, ತಪ್ಪಿಲ್ಲ.

ಬೋಲ್ಟ್ ನಿಲ್ಲುತ್ತಿಲ್ಲ, ಬ್ರಾಕೆಟ್ ಬಿರಿಯುತ್ತದೆ

5 ಮಿ.ಮೀ. ದಪ್ಪದ ಹಳೆಯ ಬ್ರಾಕೆಟ್ ತೆಗೆದು 10 ಮಿ.ಮೀ. ಯದನ್ನು ಹಾಕಿ, ಹಳೆಯ ಬೋಲ್ಟುಗಳನ್ನೇ ಬಳಸಿದರೆ ಥ್ರೆಡ್ಡಿನೊಳಗೆ ಹೋಗುವ ಭಾಗ 5 ಮಿ.ಮೀ. ಕಡಿಮೆಯಾಯಿತು. ಎಂಜಿನ್ನಿನ ಅಲ್ಯುಮಿನಿಯಂ ಕವರಿನಲ್ಲಿ ಎಂ8 (8 ಮಿ.ಮೀ.) ಬೋಲ್ಟಿಗೆ ಕನಿಷ್ಠ 12, ಎಂ10ಕ್ಕೆ 15 ಮಿ.ಮೀ. ಹಿಡಿತ ಬೇಕು. ಅದಿಲ್ಲದೆ ಬಿಗಿದರೆ ಥ್ರೆಡ್ ಬೋಲ್ಟಿಗೆ ಸುತ್ತಿಕೊಂಡು ಹೊರಗೆ ಬರುತ್ತದೆ. ಅತಿ ಉದ್ದದ ಬೋಲ್ಟೂ ಅಪಾಯ, ಕುರುಡು ರಂಧ್ರದ ತಳಕ್ಕೆ ತಾಗಿ ಬಿಗಿಯಾದಂತೆ ನಟಿಸುತ್ತದೆ. ರಂಧ್ರದ ಆಳವನ್ನು ವರ್ನಿಯರಿನ ಬಾಲದಿಂದ ಅಳೆದೇ ಬೋಲ್ಟ್ ತನ್ನಿ. ರಂಧ್ರ ನೀರಿನ ದಾರಿಗೆ ತೆರೆದಿದ್ದರೆ ಥ್ರೆಡ್ಡಿಗೆ ಸೀಲಂಟ್ ಹಚ್ಚಿ.

ಥ್ರೆಡ್ಡಿನ ಅಂತರವೂ ಮುಖ್ಯ. ಜಪಾನಿನ ಕಾರುಗಳ ಎಂ10 ಬೋಲ್ಟ್ ಸಾಮಾನ್ಯವಾಗಿ 1.25 ಮಿ.ಮೀ. ಅಂತರದ್ದು, ಹಾರ್ಡ್‌ವೇರ್ ಅಂಗಡಿಯ ಎಂ10 ಬಹುಪಾಲು 1.5. ಎರಡು ಸುತ್ತು ಹೋಗಿ ಬಿಗಿಯುತ್ತದೆ. ಪಾನಾ ಹಾಕಿ ಒತ್ತಾಯ ಮಾಡಿದರೆ ಕವರ್ ಹಾಳು. ಅಮೆರಿಕದ ಕಿಟ್ಟಿನಲ್ಲಿ ಬರುವ 5/16 ಇಂಚಿನ ಬೋಲ್ಟ್ 7.94 ಮಿ.ಮೀ., ಎಂ8 ಎಂದೇ ಕಾಣುತ್ತದೆ, ಆದರೆ ಅಂತರ 1.41. 3/8 ಇಂಚಿನದನ್ನು ಪಿವಟ್ಟಿನ 10 ಮಿ.ಮೀ. ರಂಧ್ರಕ್ಕೆ ಹಾಕಿದರೆ ಅರ್ಧ ಮಿ.ಮೀ. ಆಟ ಉಳಿದು ಕಟಕಟ ಎನ್ನುತ್ತದೆ. ಯಾವ ಬೋಲ್ಟನ್ನೂ ಮೊದಲ ಐದು ಸುತ್ತು ಬೆರಳಲ್ಲೇ ತಿರುಗಿಸಿ. ಅಲ್ಯುಮಿನಿಯಂ ಥ್ರೆಡ್ಡಿಗೆ ಎಂ8 ಆದರೆ 20, ಎಂ10 ಆದರೆ 40 ನ್ಯೂಟನ್ ಮೀಟರ್ ಹತ್ತಿರ ನಿಲ್ಲಿಸಿ. ಥ್ರೆಡ್ ಈಗಾಗಲೇ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ) ಹಾಕಿಸಿ. ಎಂಸೀಲ್ ಅಂಟಿಸಿ ಬಿಗಿದದ್ದು ನಿಲ್ಲುವುದಿಲ್ಲ.

ಆಲ್ಟರ್ನೇಟರಿನ ಕಿವಿಯೇ ಮುರಿದಿದ್ದರೆ ಬ್ರಾಕೆಟ್ಟಿನ ಎರಡು ಕವಲುಗಳ ನಡುವಿನ ಅಗಲ ಅಳೆಯಿರಿ. ಸಂದು ಉಳಿದಿದ್ದಾಗ ಪಿವಟ್ ಬಿಗಿದರೆ ಎರಕದ ಕಿವಿ ಬಾಗಿ ಬಿರಿಯುತ್ತದೆ. ಹಿಂದಿನ ಕಿವಿಯಲ್ಲಿ ಜರುಗುವ ಉಕ್ಕಿನ ಬುಷ್ ಇರುವುದು ಈ ಸಂದು ತುಂಬಲೆಂದೇ. ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಮೊದಲು ಬಿಡಿಸಿ, ಉಳಿದ ಸಂದಿಗೆ ಷಿಮ್ ಹಾಕಿ, 0.2 ಮಿ.ಮೀ. ಗಿಂತ ಹೆಚ್ಚು ಬಿಡಬೇಡಿ.

ಬ್ರಾಕೆಟ್ಟಿನಲ್ಲಿ ಕಣ್ಣಿಗೆ ಕಾಣದ ಬಿರುಕಿಗೆ ಹಳೇ ಮಿಸ್ತ್ರಿಗಳ ಉಪಾಯ ಸಾಕು. ಬಿಚ್ಚಿ ತೊಳೆದು, ಮಡಿಕೆ, ಬೆಸುಗೆಗಳ ಮೇಲೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿನೊಳಗೆ ಅಡಗಿದ ಎಣ್ಣೆ ಮೇಲೆದ್ದು ಬಿಳುಪಿನಲ್ಲಿ ಕಪ್ಪು ಕೂದಲಿನಂತೆ ಗೆರೆ ಮೂಡುತ್ತದೆ. ಗೆರೆ ಕಂಡ ಅಲ್ಯುಮಿನಿಯಂ ಬ್ರಾಕೆಟ್ಟನ್ನು ಬೆಸುಗೆ ಹಾಕಿಸಬೇಡಿ. ಆ ಶಾಖಕ್ಕೆ ಸುತ್ತಲ ಲೋಹ ಮೆತ್ತಗಾಗಿ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ.

ಎಂಜಿನ್ ಬಿಸಿ ಏರುತ್ತಿದೆ

ಬ್ರಾಕೆಟ್ ಬದಲಿಸಿದ ಮೇಲೆ ಹೈವೇಯಲ್ಲಿ ಮಾತ್ರ ಉಷ್ಣತೆ ಏರಿದರೆ ರೇಡಿಯೇಟರಿಗಿಂತ ಮೊದಲು ವಾಟರ್ ಪಂಪ್ ಪುಲ್ಲಿಯನ್ನು ಬೆಲ್ಟ್ ಎಷ್ಟು ಅಪ್ಪಿಕೊಂಡಿದೆ ನೋಡಿ. ಆಲ್ಟರ್ನೇಟರನ್ನು ಬೇರೆ ಜಾಗಕ್ಕೆ ಸರಿಸುವ ಬ್ರಾಕೆಟ್‌ಗಳಲ್ಲಿ ಈ ಅಪ್ಪುಗೆ ಕಡಿಮೆಯಾಗಿ, ಹೆಚ್ಚು ಸುತ್ತಿನಲ್ಲಿ ಪಂಪ್ ಜಾರುತ್ತದೆ. ವಿ ಬೆಲ್ಟಿನ ಎಫ್‌ಸಿ ಕಾರಿನಲ್ಲಿ ಏರ್ ಪಂಪಿನ ಬೆಲ್ಟೂ ವಾಟರ್ ಪಂಪನ್ನು ಹಿಡಿದಿರುತ್ತಿತ್ತು. ಏರ್ ಪಂಪ್ ಕಿತ್ತಾಗ ಆ ಎರಡನೇ ಹಿಡಿತವೂ ಹೋಯಿತು. ಪುಲ್ಲಿಗೂ ಬೆಲ್ಟಿಗೂ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದರೆ ಪ್ರಯೋಜನವಿಲ್ಲ, ಮೊದಲ ಸುತ್ತಿಗೇ ಅದು ತಪ್ಪುತ್ತದೆ. ಓಡಿಸಿ ನಿಲ್ಲಿಸಿದ ಕೂಡಲೇ ಪುಲ್ಲಿಯ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಜಾರುವ ಪುಲ್ಲಿ ಉಳಿದವಕ್ಕಿಂತ ಬಹಳ ಬಿಸಿ ಇರುತ್ತದೆ, ಗ್ರೂವಿನ ಗೋಡೆ ನೀಲಿ ತಿರುಗಿರುತ್ತದೆ, ಸುತ್ತ ಕಪ್ಪು ರಬ್ಬರ್ ಪುಡಿ ಬಿದ್ದಿರುತ್ತದೆ. ಅಪ್ಪುಗೆ ಹೆಚ್ಚಿಸುವ ಜಾಗಕ್ಕೆ ಆಲ್ಟರ್ನೇಟರನ್ನು ಸರಿಸುವ ಬ್ರಾಕೆಟ್ಟಿಗೆ ಬದಲಿಸಿ, ಇಲ್ಲವೇ ಮೂರೂ ಪುಲ್ಲಿಗಳನ್ನು ಗೆರೆ ಬೆಲ್ಟಿಗೆ ಬದಲಿಸುವ ಸೆಟ್ ಹಾಕಿ. ಅದನ್ನು ಬಿಟ್ಟು ಬೆಲ್ಟನ್ನು ಕಬ್ಬಿಣದಂತೆ ಬಿಗಿದರೆ ಕೆಲ ತಿಂಗಳಲ್ಲಿ ವಾಟರ್ ಪಂಪಿನ ಬೇರಿಂಗ್ ಗೊರಗುಟ್ಟಿ, ಅದರ ಕೆಳಗಿನ ಸಣ್ಣ ರಂಧ್ರದಿಂದ ಕೂಲಂಟ್ ತೊಟ್ಟಿಕ್ಕುತ್ತದೆ.

ಹೊಸ ಬೆಲ್ಟ್ ಹಾಕಿದಾಗ 20 ನಿಮಿಷ ಓಡಿಸಿ, ತಣ್ಣಗಾದ ಮೇಲೆ ಒಮ್ಮೆ ಬಿಗಿ ನೋಡಿ, 100 ಕಿ.ಮೀ. ನಂತರ ಬೋಲ್ಟುಗಳ ಸಮೇತ ಇನ್ನೊಮ್ಮೆ. ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಆಮೇಲೆ ಸಡಿಲವಾದದ್ದು ಬಾನೆಟ್ ಎತ್ತಿದಾಗಲೇ ಕಾಣುತ್ತದೆ.